ಒಂದು ಸಾಲು ಬಲಕ್ಕೆ

ನಮ್ಮ ಲಿಂಡಾಲ್‌ನಲ್ಲಿ ತನಗೆಷ್ಟು ಸಂಬಳ ಎಂದು ಯಾರೂ ಬಾಯಿ ಬಿಡುವುದಿಲ್ಲ. ಬ್ಯಾಂಕಿನವನು ಹೇಳುವುದಿಲ್ಲ, ಹಂದಿ ಸಾಕುವವನು ಹೇಳುವುದಿಲ್ಲ, ಚರ್ಚಿನ ಪಾದ್ರಿಯನ್ನು ಕೇಳಿದರೆ ಆಕಾಶ ನೋಡುತ್ತಾರೆ. ನನ್ನದು ಮಾತ್ರ ಊರಿಗೆಲ್ಲ ಗೊತ್ತು. ಮೇಷ್ಟರುಗಳ ಸಂಬಳದ ಕೋಷ್ಟಕವನ್ನು ಶಾಲೆಯವರು ಜಗತ್ತಿಗೇ ಕಾಣುವಂತೆ ಅಂತರ್ಜಾಲದಲ್ಲಿ ಹಾಕಿಬಿಟ್ಟಿದ್ದಾರೆ. ಬೆಳಿಗ್ಗೆ ಕಾಫಿಗೆ ಹೋದರೆ ಪಕ್ಕದ ಮೇಜಿನ ಮುದುಕ, “ಈ ವರ್ಷ ಇನ್ನೊಂದು ಮೆಟ್ಟಿಲು ಇಳಿದ್ಯಂತಲ್ಲ ಡುವೇನ್, ಕಾಫಿ ನಿನ್ನ ಲೆಕ್ಕದಲ್ಲಿ” ಎನ್ನುತ್ತಾನೆ. ಅವನಿಗೆ ಆರುನೂರು ಎಕರೆ ಇದೆ. ಕಾಫಿ ನಾನೇ ಕೊಡಿಸುತ್ತೇನೆ.

ಮೆಟ್ಟಿಲಿನ ವಿಷಯ ಹೇಳಿಬಿಡುತ್ತೇನೆ. ಆ ಕೋಷ್ಟಕದಲ್ಲಿ ಮೇಲಿನಿಂದ ಕೆಳಕ್ಕೆ ಇರುವವು ಮೆಟ್ಟಿಲುಗಳು. ಒಂದು ವರ್ಷ ಮಕ್ಕಳ ಕೈಯಲ್ಲಿ ಸಿಕ್ಕಿ ಜೀವ ಉಳಿಸಿಕೊಂಡರೆ ಒಂದು ಮೆಟ್ಟಿಲು ಇಳಿಯುತ್ತೀರಿ, ಸಂಬಳ ಒಂದಿಷ್ಟು ಏರುತ್ತದೆ. ಎಡದಿಂದ ಬಲಕ್ಕೆ ಇರುವವು ಸಾಲುಗಳು. ಎಡತುದಿಯ ಸಾಲು ಬರೀ ಪದವಿಯವರದು, ಎಂ.ಎ. ಮಾಡಿದರೆ ಬಲಕ್ಕೆ ಹೋಗಬಹುದು, ಅಲ್ಲಿ ವರ್ಷಕ್ಕೆ ಮೂರು ಸಾವಿರ ಡಾಲರ್ ಹೆಚ್ಚು. ಸಾಲು ಬದಲಾಯಿಸಬೇಕಾದರೆ ಸಾಲ ಮಾಡಬೇಕು. ಸಾಲ ಮಾಡಿ ಸಾಲು ಬದಲಾಯಿಸಿದ ಮೇಲೆ ಸಂಬಳ ಸಾಲದು ಎಂದು ತಿಳಿಯುತ್ತದೆ.

ಇದನ್ನೆಲ್ಲ ಹೇಳುತ್ತಿರುವ ನಾನು ಡುವೇನ್ ಸೆಡ್ಲಚೆಕ್, ವಯಸ್ಸು ಐವತ್ತೊಂದು, ನೆಬ್ರಾಸ್ಕದ ಈ ಪುಟ್ಟ ಊರಿನ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರು. ಚಕ್ರಬಡ್ಡಿ ಎಂದರೇನು ಎಂದು ಪ್ರತಿ ಅಕ್ಟೋಬರಿನಲ್ಲೂ ಮಕ್ಕಳಿಗೆ ಪಾಠ ಮಾಡುತ್ತೇನೆ. ಆ ಪಾಠ ಮಾಡಲು ಯೋಗ್ಯತೆ ಬೇಕೆಂದು ಮಾಡಿದ ಶಿಕ್ಷಣ ಪದವಿಯ ಸಾಲಕ್ಕೆ ಇವತ್ತಿಗೂ ಚಕ್ರಬಡ್ಡಿ ಕಟ್ಟುತ್ತಿದ್ದೇನೆ. ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಸಿಗಲಾರದು. ಆದರೂ ತರಗತಿಯಲ್ಲಿ ಹೇಳುವುದಿಲ್ಲ, ಅಷ್ಟಿಷ್ಟು ಮಾನ ಉಳಿದಿದೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆ ಸಾಲದ ಪತ್ರಕ್ಕೆ ಸಹಿ ಹಾಕುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಚಿಂತೆ, ಸಹಿ ದೊಡ್ಡ ಮನುಷ್ಯರ ಸಹಿಯ ಹಾಗೆ ಕಾಣುತ್ತದೋ ಇಲ್ಲವೋ ಎಂದು. ಮೊತ್ತದ ಕಡೆ ಕಣ್ಣೇ ಹೋಗಲಿಲ್ಲ. ಓದುತ್ತಿದ್ದದ್ದು ಗಣಿತ! ಮುಂದೆ ಸರ್ಕಾರ ಮೇಷ್ಟರುಗಳ ಸಾಲ ಬಿಟ್ಟುಕೊಡುವ ಒಂದು ಯೋಜನೆ ತಂದಿತು. ನಮ್ಮಲ್ಲಿ ಅದನ್ನು ಮನ್ನಾ ಮಾಡುವುದು ಎನ್ನುವುದಿಲ್ಲ, ಸಾಲವನ್ನು ‘ಕ್ಷಮಿಸುವುದು’ ಎನ್ನುತ್ತಾರೆ, ಓದಿದ್ದು ಕುದುರೆ ಕದ್ದಷ್ಟೇ ದೊಡ್ಡ ಅಪರಾಧ ಎಂಬಂತೆ. ನನ್ನದು ಹಳೆಯ ಬಗೆಯ ಸಾಲ, ಅದಕ್ಕೆ ಕ್ಷಮೆ ಇರಲಿಲ್ಲ. ಹೊಸ ಬಗೆಗೆ ಬದಲಾಯಿಸಿಕೊಳ್ಳಲು ಒಂದು ಗಡುವು ಕೊಟ್ಟಿದ್ದರು. ಗಡುವಿನ ದಿನ ನಾನು ಹುಡುಗಿಯರ ವಾಲಿಬಾಲ್ ತಂಡವನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಪಕ್ಕದ ಜಿಲ್ಲೆಗೆ ಓಡಿಸುತ್ತಿದ್ದೆ. ನಾವು ಸೋತೆವು. ಬಸ್ಸಿನ ಭತ್ಯೆ ನಲವತ್ತು ಡಾಲರ್ ಸಿಕ್ಕಿತು.

ಸಾಲು ಬದಲಾಯಿಸಿದ ಕಥೆ ಅದಕ್ಕಿಂತ ಚೆನ್ನಾಗಿದೆ. ಮೂವತ್ತಮೂರನೆಯ ವಯಸ್ಸಿನಲ್ಲಿ ಹದಿನೇಳು ಸಾವಿರ ಹೊಸ ಸಾಲ ಮಾಡಿ, ರಾತ್ರಿ ಕಂಪ್ಯೂಟರ್ ಮುಂದೆ ಕೂತು ಎಂ.ಎ. ಮುಗಿಸಿದೆ. ಅಂಕಪಟ್ಟಿ ಆಗಸ್ಟ್ ಕೊನೆಯ ಶುಕ್ರವಾರ ಟಪಾಲಿನಲ್ಲಿ ಬಂತು. ಲಕೋಟೆಯ ಬಾಯಿಗೆ ವಿಶ್ವವಿದ್ಯಾಲಯದ ಮೊಹರು. ಅದನ್ನು ಹಾಗೆಯೇ ತೆಗೆದುಕೊಂಡು ಹೋಗಿ ಶಾಲೆಯ ಕಚೇರಿಯಲ್ಲಿ ಕೊಡಬೇಕಿತ್ತು. ನಾನು ಅಂಚೆ ಕಚೇರಿಯ ಬಾಗಿಲಲ್ಲೇ ಟರ್ ಎಂದು ಹರಿದೆ. ಎಲ್ಲ ವಿಷಯದಲ್ಲೂ ಎ ಬಂದಿತ್ತು. ಅಂಚೆಯವಳಿಗೆ ತೋರಿಸಿದೆ, ಪೆಟ್ರೋಲ್ ಬಂಕಿನವನಿಗೆ ತೋರಿಸಿದೆ, ಕೊನೆಗೆ ಶಾಲೆಯ ಕಚೇರಿಯ ಟ್ವೈಲಾ ಮುಂದೆ ಎದೆಯುಬ್ಬಿಸಿ ಇಟ್ಟೆ. ಟ್ವೈಲಾ ಕನ್ನಡಕ ಮೂಗಿನ ತುದಿಗೆ ಇಳಿಸಿ ಲಕೋಟೆ ನೋಡಿದಳು.

“ಇದೇನು, ಒಡೆದುಬಿಟ್ಟಿದ್ದೀಯಲ್ಲ?”

“ಒಳಗೆ ಏನಿದೆ ಅಂತ ನೋಡೋದ್ ಬೇಡ್ವಾ?”

“ಏನಿತ್ತು?”

“ಎಲ್ಲಾ ಎ.”

“ಭೇಷ್. ಮೊಹರು ಮುರಿದ್ಮೇಲೆ ಇದು ಬರೀ ಕಾಗದ ಕಣಪ್ಪ. ಮನೇಲಿ ಫ್ರಿಜ್ಜಿಗೆ ಅಂಟಿಸ್ಕೋ. ಒಡೀದೆ ಇರೋದು ಇನ್ನೊಂದು ತರಿಸು, ಸೆಪ್ಟೆಂಬರ್ ಒಂದರೊಳಗೆ.”

ಎರಡನೆಯ ಲಕೋಟೆ ಸೆಪ್ಟೆಂಬರ್ ನಾಲ್ಕಕ್ಕೆ ಬಂತು. ಒಂದು ವರ್ಷದ ಮೂರು ಸಾವಿರ ಗೋತಾ. ಮರುವರ್ಷ ಶಾಲೆಯ ಆಡಳಿತ ಮಂಡಳಿಯವರು ದುಡ್ಡಿಲ್ಲ ಎಂದು ಎರಡು ವರ್ಷ ಯಾರೂ ಸಾಲು ಬದಲಾಯಿಸುವಂತಿಲ್ಲ ಎಂದುಬಿಟ್ಟರು. ಬಡ್ಡಿಗೆ ಮಾತ್ರ ಯಾರೂ ತಡೆ ಹಾಕಲಿಲ್ಲ. ನನ್ನ ಹೆಂಡತಿ ಮಾರ್ಲಿಸ್, ವೃದ್ಧಾಶ್ರಮದಲ್ಲಿ ನರ್ಸ್, ಆ ಹರಿದ ಅಂಕಪಟ್ಟಿಯನ್ನು ನಿಜವಾಗಿಯೂ ಫ್ರಿಜ್ಜಿಗೆ ಅಂಟಿಸಿದಳು. ಹಾಲು ತೆಗೆಯಲು ಹೋದಾಗಲೆಲ್ಲ ನನ್ನ ಪೆದ್ದುತನ ಎದುರಿಗೆ.

ನಮಗೆ ಒಬ್ಬಳೇ ಮಗಳು, ಕೊರಿನ್. ಅವಳು ಹುಟ್ಟಾ ಮೇಷ್ಟರು. ಇದು ತಂದೆಯ ಬಡಾಯಿ ಅಲ್ಲ, ನಾನು ಬಡಾಯಿ ಕೊಚ್ಚಿಕೊಂಡದ್ದು ಲಕೋಟೆಯ ದಿನಕ್ಕೇ ಮುಗಿಯಿತು. ಬೇಸಿಗೆ ರಜದಲ್ಲಿ ನಾನು ಕೈಖರ್ಚಿಗೆ ಬೀಜದ ಮೆಕ್ಕೆಜೋಳದ ಹೊಲಗಳಿಗೆ ಹುಡುಗರ ಗುಂಪು ಕರೆದುಕೊಂಡು ಹೋಗುತ್ತೇನೆ, ತೆನೆಯ ಗಿಡಗಳ ತುದಿಯ ಗಂಡು ಹೂ ಕೀಳಿಸುವುದಕ್ಕೆ. ನಮ್ಮ ಕಡೆಯ ಅರ್ಧಕ್ಕರ್ಧ ಮೇಷ್ಟರುಗಳ ಬೇಸಿಗೆ ರಜ ಇದೇ. ಹೊಲದಲ್ಲಿ ನಾಲ್ಕು ಸಾಲು ಹೆಣ್ಣು ಗಿಡ, ಪಕ್ಕದಲ್ಲಿ ಒಂದು ಸಾಲು ಗಂಡು ಗಿಡ. ಎರಡು ತಳಿ ಬೆರೆಯಬೇಕಲ್ಲ, ಅದಕ್ಕೆ ಹೆಣ್ಣು ಸಾಲಿನ ತುದಿಯ ಹೂ ಒಂದೂ ಬಿಡಬಾರದು, ಗಂಡು ಸಾಲಿನದು ಒಂದೂ ಮುಟ್ಟಬಾರದು. ನಾನು ಬಸ್ಸಿನಲ್ಲಿ ಅರ್ಧ ಗಂಟೆ ಪರಾಗಸ್ಪರ್ಶದ ಪಾಠ ಮಾಡುತ್ತಿದ್ದೆ, ಇಳಿದ ಹತ್ತು ನಿಮಿಷಕ್ಕೆ ಹೊಸ ಹುಡುಗರು ಗಂಡು ಸಾಲನ್ನೇ ಬೋಳು ಮಾಡಿ ಇಟ್ಟಿರುತ್ತಿದ್ದರು.

ಹದಿನಾಲ್ಕರ ಕೊರಿನ್ ಒಂದು ಬೆಳಿಗ್ಗೆ ನನ್ನ ಪಾಠದ ನಡುವೆ ಎದ್ದು ನಿಂತಳು. “ಏ, ಇಲ್ಲಿ ಕೇಳ್ರೋ. ನಾಲ್ಕು ಜನ ಅಕ್ಕಂದಿರು, ಒಬ್ಬ ತಮ್ಮ. ಅಕ್ಕಂದಿರ ಜುಟ್ಟು ಕಿತ್ತಾಕಿ. ತಮ್ಮ ಅಮ್ಮನ ಮುದ್ದಿನ ಮಗ, ಅವನ ಜುಟ್ಟಿಗೆ ಕೈ ಹಾಕಿದ್ರೆ ಅಮ್ಮ ಸಿಗಿದು ತೋರಣ ಕಟ್ತಾಳೆ.” ಅಷ್ಟೇ. ಆ ಬೇಸಿಗೆ ಒಂದೇ ಒಂದು ಗಂಡು ಗಿಡದ ಹೂ ಬೀಳಲಿಲ್ಲ. ಬೀಜದ ಕಂಪನಿಯ ಮೇಲ್ವಿಚಾರಕ ನನ್ನ ಬೆನ್ನು ತಟ್ಟಿ, ತರಬೇತಿ ಚೆನ್ನಾಗಿದೆ ಎಂದ. ನಾನು ನಾಚಿಕೆಯಿಲ್ಲದೆ ತಟ್ಟಿಸಿಕೊಂಡೆ.

ಅವಳ ಹೈಸ್ಕೂಲಿನ ಕೊನೆಯ ವರ್ಷ, ಏಪ್ರಿಲ್ ತಿಂಗಳ ಒಂದು ಸಂಜೆ ಮಾರ್ಲಿಸ್‌ಳ ಅಣ್ಣ ಗೇಲನ್ ಊಟಕ್ಕೆ ಬಂದಿದ್ದ. ಗೇಲನ್ ಹೊಲಗಳಲ್ಲಿ ಸುತ್ತುವ ನೀರಾವರಿ ಯಂತ್ರಗಳ ರಿಪೇರಿ ಮಾಡುತ್ತಾನೆ, ಕಾಲೇಜಿನ ಮುಖ ನೋಡಿದವನಲ್ಲ, ನನ್ನ ಎರಡರಷ್ಟು ದುಡಿಯುತ್ತಾನೆ. ಖಾರದ ಬೀನ್ಸ್ ಸಾರು, ಜೊತೆಗೆ ನೆಂಚಿಕೊಳ್ಳಲು ದಾಲ್ಚಿನ್ನಿಯ ಸಿಹಿ ಸುರುಳಿ ಬನ್ನು. ಶಾಲೆಯ ಊಟದಿಂದ ನಮಗೆ ಮೈಗಂಟಿದ ಜೋಡಿ ಇದು, ಹೊರಗಿನವರು ಕೇಳಿದರೆ ಮುಖ ಕಿವುಚುತ್ತಾರೆ. ಕೊರಿನ್ ಬನ್ನಿನ ಸುರುಳಿ ಬಿಚ್ಚುತ್ತಾ ಹೇಳಿದಳು:

“ಅಪ್ಪ, ನಾನು ಟೀಚರ್ ಆಗ್ತೀನಿ. ಸ್ಟೇಟ್ ಕಾಲೇಜಲ್ಲಿ ಸೀಟು ಸಿಕ್ತು. ಮೂವತ್ತಾರು ಸಾವಿರ ಸಾಲ ಆಗುತ್ತೆ. ಮೇ ಒಂದರೊಳಗೆ ಹೂಂ ಅನ್ಬೇಕು.”

ಗೇಲನ್ ಚಮಚ ಕೆಳಗಿಟ್ಟ. “ಬಂತಪ್ಪ! ಒಬ್ರು ಮೆಟ್ಟಿಲು ಇಳೀತಿರೋದು ಸಾಲ್ದು ಅಂತ ಇನ್ನೊಬ್ಳು. ಏನ್ ಮೇಷ್ಟ್ರೇ, ಮನೇಲೇ ಒಂದು ಕೋಷ್ಟಕ ಬರೆದು ಗೋಡೆಗೆ ಹಾಕ್ತೀರಾ?”

“ದಂತ ಶುಚಿಯ ಕೋರ್ಸಿಗೂ ಸಿಕ್ಕಿದೆ ತಾನೆ,” ಎಂದಳು ಮಾರ್ಲಿಸ್. ಹಠ ಹಿಡಿದು ಅರ್ಜಿ ಹಾಕಿಸಿದ್ದು ಅವಳೇ. “ಹತ್ತಿರದ ಕಾಲೇಜು, ಮೂರು ವರ್ಷ, ಒಂಬತ್ತು ಸಾವಿರ ಸಾಲ. ಓದು ಮುಗಿಸಿ ಬಂದ ದಿನವೇ ನಿಮ್ಮಪ್ಪನಿಗಿಂತ ಜಾಸ್ತಿ ಸಂಬಳ.”

“ನಮ್ಮಪ್ಪನಿಗಿಂತ ಜಾಸ್ತಿ ತಗೊಳ್ಳೋದು ಏನ್ ಮಹಾ ಬಿಡಮ್ಮ,” ಎಂದಳು ಮಗಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅವಳು ಎದ್ದುಹೋದ ಮೇಲೆ ಮಾರ್ಲಿಸ್ ತಟ್ಟೆ ಎತ್ತುತ್ತಾ ನನ್ನ ಕಡೆ ತಿರುಗಿದಳು. “ನೀನು ಅವಳ ಜೊತೆ ಕೂತು ಲೆಕ್ಕ ಹಾಕು ಡುವೇನ್. ಬೇಕು ಅಂತಾನೂ ಅನ್ಬೇಡ, ಬೇಡ ಅಂತಾನೂ ಅನ್ಬೇಡ. ಲೆಕ್ಕ ಹಾಕು, ಅಷ್ಟೆ. ಸಂಬಳ ಕೊಡೋದು ಅದಕ್ಕೇ ಅಲ್ವಾ ನಿಂಗೆ?”

ಗೇಲನ್ ಬಾಗಿಲ ಹತ್ತಿರ ಬೂಟು ಹಾಕಿಕೊಳ್ಳುತ್ತಾ ತಗ್ಗಿದ ದನಿಯಲ್ಲಿ ಹೇಳಿದ, “ತಮಾಷೆ ಬೇರೆ. ನಮ್ಮ ಹುಡುಗಂಗೆ ಗಡಿಯಾರ ನೋಡೋದು ಬರ್ತಿರ್ಲಿಲ್ಲ, ಎರಡು ವರ್ಷ ಸ್ಕೂಲಲ್ಲಿ ಹೇಳಿಕೊಟ್ರು, ಬರ್ಲಿಲ್ಲ. ಇವಳು ಒಂದು ಮಧ್ಯಾಹ್ನ ಹಿಂದ್ಗಡೆ ಮೆಟ್ಟಿಲ ಮೇಲೆ ಕೂರಿಸ್ಕೊಂಡ್ಲು, ಬಂತು. ನಿನ್ ಲೆಕ್ಕ ನಿನ್ ಹತ್ರ ಇಟ್ಕೋ ಮಾರಾಯ. ಹೋಗ್ಲಿ ಬಿಡು ಅವಳು.”

ಒಳಗೊಳಗೆ ನಾನು ಹಿಗ್ಗಿ ಹೀರೆಕಾಯಿಯಾಗಿದ್ದೆ. ಮಗಳು ನನ್ನ ಕೆಲಸವನ್ನೇ ಆರಿಸಿಕೊಂಡಿದ್ದಾಳೆ! ಇಷ್ಟು ವರ್ಷ ನನ್ನ ಹರಕು ಕಾರು, ಬೇಸಿಗೆಯ ಬಸ್ಸು, ತಿಂಗಳ ಕೊನೆಯ ಸೊಟ್ಟ ಮುಖ ಎಲ್ಲವನ್ನೂ ನೋಡಿಯೂ ಅದೇ ಬೇಕು ಎನ್ನುತ್ತಿದ್ದಾಳೆ. ಲೆಕ್ಕ ಹಾಕಲು ಒಪ್ಪಿದ್ದು ಧೈರ್ಯದಿಂದಲೇ, ಯಾಕೆಂದರೆ ನನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂಬ ವಿಷಯದಲ್ಲಿ ನನಗೆ ದೀರ್ಘ ಅನುಭವವಿತ್ತು. ಪಿಕಪ್ ಟ್ರಕ್ಕಿಗೆ ಏಳು ವರ್ಷದ ಸಾಲ ಮಾಡಬೇಡಿ ಎಂದು ಪಾಠ ಮಾಡಿದ ವಾರವೇ ಮೂವರು ಹುಡುಗರು ಹೊಸ ಪಿಕಪ್‌ನಲ್ಲಿ ಶಾಲೆಗೆ ಬಂದಿದ್ದರು. ಒಬ್ಬನಂತೂ ಕಂತು ಎಷ್ಟಾಗುತ್ತದೆ ಎಂದು ನನ್ನ ಸೂತ್ರದಿಂದಲೇ ಲೆಕ್ಕ ಹಾಕಿಕೊಂಡಿದ್ದ. ಉತ್ತರ ಸರಿಯಾಗಿತ್ತು. ಇವಳೂ ಹಾಗೆಯೇ ಮಾಡುತ್ತಾಳೆ, ನಾನು ಬೇಡದ ಅಂಕಿಗಳನ್ನೆಲ್ಲ ತೋರಿಸುತ್ತೇನೆ, ಅವಳು ತಲೆ ಕೊಡವಿ ಹೋಗಿ ಟೀಚರ್ ಆಗುತ್ತಾಳೆ, ನಾನು ಒಳ್ಳೆಯ ತಂದೆಯೂ ಆದೆ, ಮಗಳೂ ನನ್ನ ದಾರಿ ಹಿಡಿದಳು. ಇದು ನನ್ನ ಯೋಜನೆ.

ಭಾನುವಾರ ಚರ್ಚು ಮುಗಿಸಿ ಇಬ್ಬರೂ ನನ್ನ ತರಗತಿಗೆ ಹೋದೆವು. ಖಾಲಿ ಶಾಲೆ. ಅವಳು ಅಭ್ಯಾಸಬಲದಿಂದ ತನ್ನ ಜಾಗ, ಎರಡನೆಯ ಬೆಂಚಿನ ಕಿಟಕಿ ಪಕ್ಕ, ಅಲ್ಲೇ ಕೂತಳು. ಕಾರಿನಲ್ಲಿ ‘ಅಪ್ಪ’ ಎನ್ನುವವಳು ಈ ಹೊಸ್ತಿಲು ದಾಟಿದರೆ ‘ಮಿಸ್ಟರ್ ಸೆಡ್ಲಚೆಕ್’ ಎನ್ನುತ್ತಿದ್ದಳು. ಬೇರೆ ಮಕ್ಕಳ ಎದುರು ಪಕ್ಷಪಾತ ಬೇಡ ಎಂದು ಒಂಬತ್ತನೆಯ ತರಗತಿಯಲ್ಲಿ ಅವಳೇ ಮಾಡಿಕೊಂಡ ಕರಾರು.

ಬೋರ್ಡಿನ ಮಧ್ಯೆ ಗೆರೆ ಎಳೆದು ಎಡಕ್ಕೆ ಟೀಚರ್, ಬಲಕ್ಕೆ ಹಲ್ಲು ಎಂದು ಬರೆದೆ. ಏನು ಹೇಳಲಿ, ಆವತ್ತು ಮಾಡಿದಂಥ ಪಾಠವನ್ನು ನಾನು ನನ್ನ ಜೀವಮಾನದಲ್ಲೇ ಮಾಡಿರಲಿಲ್ಲ. ಮೊದಲ ವರ್ಷದ ಸಂಬಳ, ಅದರಲ್ಲಿ ತೆರಿಗೆ, ಪಿಂಚಣಿ ಕಡಿತ, ವಿಮೆ, ಮನೆ ಬಾಡಿಗೆ, ಸಾಲದ ಕಂತು. ಬಡ್ಡಿ ಅಸಲನ್ನು ಹೇಗೆ ನುಂಗುತ್ತದೆ ಎಂದು ಬಣ್ಣದ ಪೆನ್ನಿನಲ್ಲಿ ತೋರಿಸಿದೆ. ತರಗತಿಗೆ ಸ್ವಂತ ದುಡ್ಡಿನಲ್ಲಿ ತರುವ ಪೆನ್ಸಿಲ್, ಟಿಶ್ಯೂ ಪೆಟ್ಟಿಗೆಗಳನ್ನೂ ಬಿಡಲಿಲ್ಲ. ನನ್ನ ಲಕೋಟೆಯ ಪ್ರಸಂಗವನ್ನು ನಟಿಸಿ ತೋರಿಸಿದೆ, ಟ್ವೈಲಾಳ ಕನ್ನಡಕ ಸಮೇತ. ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಬರೆದುಕೊಳ್ಳುತ್ತಿದ್ದಳು.

“ಮಿಸ್ಟರ್ ಸೆಡ್ಲಚೆಕ್, ಎಂ.ಎ. ಮಾಡದೆ ಎಡಗಡೆ ಸಾಲಲ್ಲೇ ಇದ್ರೆ?”

“ಹನ್ನೆರಡನೇ ಮೆಟ್ಟಿಲಿಗೆ ಸಂಬಳ ಏರೋದು ನಿಂತುಹೋಗುತ್ತೆ. ಆಮೇಲೆ ಸಾಯೋವರೆಗೂ ಅಷ್ಟೆ.”

“ಮಾಡಿದ್ರೆ?”

“ಇನ್ನೊಂದು ಸಾಲ. ಅದು ತೀರೋ ಹೊತ್ತಿಗೆ ಮಂಡಿನೋವು.”

ಹತ್ತು ವರ್ಷದ ಕೊನೆಗೆ ಬಂದೆ. ಬಲಗಡೆ ಹಲ್ಲಿನ ಹುಡುಗಿಗೆ ಸ್ವಂತ ಮನೆ ಇತ್ತು, ಉಳಿತಾಯ ಇತ್ತು. ಎಡಗಡೆ ಟೀಚರಮ್ಮನಿಗೆ ಇನ್ನೂ ಹನ್ನೊಂದು ಸಾವಿರ ಸಾಲ ಇತ್ತು. ನನಗೇ ಯಾಕೋ ಆ ಎಡಗಡೆ ಬಹಳ ಬರಿದಾಗಿ ಕಂಡಿತು. ಅದರ ಕೆಳಗೆ ಒಂದು ಕೂಡುವ ಗುರುತು ಹಾಕಿದೆ. ಹಾಕಿ ಪೆನ್ನು ಹಿಡಿದು ನಿಂತೆ. ಏನು ಬರೆಯುವುದು? ಭಿನ್ನರಾಶಿ ಕಂಡರೆ ಅಳುತ್ತಿದ್ದ ಹುಡುಗ ಮಾರ್ಚ್ ತಿಂಗಳ ಒಂದು ದಿನ ತಲೆಯೆತ್ತಿ “ಓ! ಇಷ್ಟೇನಾ?” ಎನ್ನುತ್ತಾನಲ್ಲ, ಅದಕ್ಕೆ ಎಷ್ಟು ಡಾಲರ್ ಎಂದು ಹಾಕುವುದು? ಇಪ್ಪತ್ತು ವರ್ಷದ ಹಿಂದೆ ನನ್ನ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಕಿರಾಣಿ ಅಂಗಡಿಯಲ್ಲಿ ಓಡಿ ಬಂದು ತಬ್ಬಿಕೊಂಡದ್ದನ್ನು ಕೋಷ್ಟಕದ ಯಾವ ಮನೆಯಲ್ಲಿ ಬರೆಯುವುದು?

“ಆ ಪ್ಲಸ್ ಮುಂದೆ ಏನು?” ಎಂದಳು ಕೊರಿನ್.

“ಏನಿಲ್ಲ. ಕೈ ತಪ್ಪಿ ಬಂತು,” ಎಂದು ಅಳಿಸಿಬಿಟ್ಟೆ. ಲೆಕ್ಕದ ಮೇಷ್ಟರು ತಾನೆ, ಅಂಕಿ ಇಲ್ಲದ್ದನ್ನು ಬೋರ್ಡಿನ ಮೇಲೆ ಬಿಡುವ ಅಭ್ಯಾಸವಿಲ್ಲ.

“ಇಷ್ಟೆಲ್ಲ ಗೊತ್ತಿದ್ದೂ ನೀನ್ಯಾಕಪ್ಪ ಬಿಡ್ಲಿಲ್ಲ?” ಆ ಕೋಣೆಯಲ್ಲಿ ಅವಳು ನನ್ನನ್ನು ಅಪ್ಪ ಎಂದದ್ದು ಅದೇ ಮೊದಲು.

“ಬೇಸಿಗೆ ರಜ ಇದ್ಯಲ್ಲ!” ಎಂದೆ. ಒಳ್ಳೆಯ ಹಾಸ್ಯ. ಅವಳು ಸಣ್ಣಗೆ ನಕ್ಕು ಪುಸ್ತಕ ಮುಚ್ಚಿದಳು.

ಏಪ್ರಿಲ್ ಮೂವತ್ತರಂದು ಸಂಜೆ ನಾನು ಹಿತ್ತಲಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಒದೆಯುತ್ತಿದ್ದೆ, ಅದು ಒದ್ದರೇ ಶುರುವಾಗುವುದು. ಕೊರಿನ್ ಬಂದು ನಿಂತಳು. “ಕಟ್ಟಿಬಿಟ್ಟೆ ಅಪ್ಪ, ಮುಂಗಡ. ಹಲ್ಲಿನ ಕೋರ್ಸಿಗೆ. ನೀನು ಹಾಕಿದ್ದನ್ನ ಮನೇಲಿ ಇನ್ನೊಂದ್ ಸಲ ಹಾಕಿ ನೋಡ್ದೆ. ಎಲ್ಲೂ ತಪ್ಪಿಲ್ಲ. ಟೀಚರ್ ಆಗೋಕೆ ಯಾವ ಕಡೆಯಿಂದ್ಲೂ ಗಿಟ್ಟಲ್ಲ.”

“ಅಲ್ವಾ ಮತ್ತೆ! ಜಾಣೆ,” ಎಂದೆ. ಯಂತ್ರವನ್ನು ಇನ್ನೊಂದು ಸಲ ಒದ್ದೆ. ದರಿದ್ರದ್ದು, ಆವತ್ತು ಮೊದಲ ಏಟಿಗೇ ಶುರುವಾಯಿತು. ಅದರ ಸದ್ದಿನಲ್ಲಿ ನಾನು ಇಡೀ ಹಿತ್ತಲನ್ನು ಎರಡೆರಡು ಸಲ ಕತ್ತರಿಸಿದೆ, ಅಳುತ್ತಾ. ನಲವತ್ತೇಳು ವರ್ಷದ ಗಂಡಸು, ಹುಲ್ಲು ಕತ್ತರಿಸುತ್ತಾ ಗೊಳೋ ಎಂದು ಅತ್ತದ್ದು ಯಾಕೆ ಎಂದು ಮಾರ್ಲಿಸ್ ಕೇಳಿದಾಗ ಹುಲ್ಲಿನ ಧೂಳು ಎಂದೆ. ಇಪ್ಪತ್ತನಾಲ್ಕು ವರ್ಷ ಪಾಠ ಮಾಡಿದ್ದೆ. ಹೇಳಿದ್ದನ್ನು ಹೇಳಿದ ಹಾಗೆಯೇ ಕೇಳಿ, ಮನೆಗೆ ಹೋಗಿ ಮತ್ತೆ ಹಾಕಿ ನೋಡಿ, ಅದರಂತೆಯೇ ನಡೆದ ವಿದ್ಯಾರ್ಥಿ ಒಬ್ಬಳು ಸಿಗಲಿ ಎಂದು ಎಷ್ಟು ಹಂಬಲಿಸಿದ್ದೆ. ಸಿಕ್ಕಳು, ನನ್ನ ಗ್ರಹಚಾರಕ್ಕೆ ಮನೆಯಲ್ಲೇ ಸಿಕ್ಕಳು!

ಗೇಲನ್ ವಿಷಯ ಕೇಳಿ, “ಗೆದ್ದುಬಿಟ್ಟೆ ಬಿಡು ಮೇಷ್ಟ್ರೇ,” ಎಂದ. ಅಷ್ಟು ಎದೆಗೆ ನಾಟುವ ಮಾತು ಅವನು ಕೆಣಕುವಾಗಲೂ ಆಡಿರಲಿಲ್ಲ.

ಕೊರಿನ್ ಓದು ಮುಗಿಸಿದಳು. ಈಗ ಪಕ್ಕದ ಊರಿನ ದಂತವೈದ್ಯರ ಹತ್ತಿರ ಕೆಲಸದಲ್ಲಿದ್ದಾಳೆ. ಒಳ್ಳೆಯ ಕೆಲಸ, ಗೌರವದ ಕೆಲಸ, ಜನ ಅವಳನ್ನೇ ಕೇಳಿಕೊಂಡು ಬರುತ್ತಾರೆ. ಸಂತೋಷವಾಗಿದ್ದೀಯಾ ಎಂದು ಕೇಳಿದರೆ “ಹೂಂ ಕಣಪ್ಪ, ಚೆನ್ನಾಗಿದೆ” ಎನ್ನುತ್ತಾಳೆ. ಸುಳ್ಳು ಹೇಳುವವಳಲ್ಲ. ನನಗೆ ಬೇಕಾದ ದುಃಖವನ್ನೂ ಅವಳು ಒದಗಿಸುವುದಿಲ್ಲ.

ಹೋದ ತಿಂಗಳು ನನ್ನ ಹಲ್ಲು ಶುಚಿ ಮಾಡಿಸಲು ಮೊದಲ ಸಲ ಅವಳ ಕುರ್ಚಿಯಲ್ಲೇ ಹೋಗಿ ಮಲಗಿದೆ. ನೀಲಿ ಅಂಗಿ, ಬಾಯಿಗೆ ಮುಖಗವಸು, ಮೇಲೆ ಬರೀ ಕಣ್ಣು. ಒಸಡಿನ ಸುತ್ತ ಚುಚ್ಚಿ ಚುಚ್ಚಿ ನೋಡಿ ಹೇಳಿದಳು, “ಹಲ್ಲು ಗಟ್ಟಿ ಇದೆ ಅಪ್ಪ, ಒಸಡು ಸರಿ ಇಲ್ಲ. ಬೇಲಿ ಗೂಟ ಇದೆಯಲ್ಲ, ಗೂಟ ಎಷ್ಟು ಗಟ್ಟಿ ಇದ್ರೇನು, ಬುಡದ ಮಣ್ಣು ಸಡಿಲ ಆದ್ರೆ ಹಸು ಒಂದ್ ಸಲ ಮೈ ತಿಕ್ಕಿದ್ರೆ ಸಾಕು. ನೀನು ಬರೀ ಗೂಟ ತೊಳೀತಿದ್ದೀಯ. ಮಣ್ಣು ನೋಡ್ಕೋ.”

ಒಸಡು, ಒಸಡು ಎಂದು ಇಷ್ಟು ವರ್ಷ ಎಷ್ಟೋ ಡಾಕ್ಟರುಗಳು ಬಡಿದುಕೊಂಡಿದ್ದರು. ನನ್ನ ತಲೆಗೆ ಹೋದದ್ದು ಆವತ್ತೇ. ಓ, ಇಷ್ಟೇನಾ ಎಂದು ಹೇಳೋಣವೆಂದರೆ ಬಾಯಿ ತುಂಬ ಅವಳ ಕೈ.

“ಅಂದ್ಹಾಗೆ ನಿಂಗೆ ಹೇಳೋದೇ ಮರೆತೆ,” ಎಂದಳು, ಕೆರೆಯುತ್ತಲೇ. “ಹೋದ ವಾರ ನನ್ನ ಸಾಲ ಪೂರ್ತಿ ತೀರ್ತು. ಆವತ್ತು ನೀನು ಅಷ್ಟು ಚೆನ್ನಾಗಿ ತಿಳಿಸಿ ಹೇಳದೇ ಇದ್ದಿದ್ರೆ ನಾನು ಪೆದ್ದಿ ಥರ ಟೀಚರ್ ಆಗಿಬಿಡ್ತಿದ್ದೆ. ಥ್ಯಾಂಕ್ಸ್ ಅಪ್ಪ.”

ಮೇಲಿನ ದೀಪ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಕಣ್ಣಿನ ನೀರು ಎರಡೂ ಕಡೆಯಿಂದ ಹರಿದು ಕಿವಿಯೊಳಕ್ಕೆ ಇಳಿಯಿತು. ಅವಳು ಥಟ್ಟನೆ ಕೈ ನಿಲ್ಲಿಸಿದಳು.

“ನೋವಾಗ್ತಿದ್ಯಾ?”

ಹೌದು ಎಂದು ತಲೆಯಾಡಿಸಿದೆ.

“ಸಾರಿ, ಸಾರಿ. ಇನ್ನೊಂದೇ ಹಲ್ಲು,” ಎಂದು ಅವಳು ಕೈ ಹಗುರ ಮಾಡಿದಳು.